ಕಲ್ನಾರಿನ ಧೂಳು



ನಮ್ಮ ಮಠಕ್ಕೆ ಬಹುಕಾಲದಿಂದ ಬೇಕಾದವರಾಗಿದ್ದ ವೃದ್ಧ ಬಡಗಿಯೊಬ್ಬರು ಬೆನ್ನುನೋವಿನಿಂದ ಹಾಸಿಗೆ ಹಿಡಿದರು. ಮುಪ್ಪಿನ ನೋವೆಂದು ಮನೆಯವರು ಎಣ್ಣೆ ಹಚ್ಚಿದರು, ಶಾಖ ಕೊಟ್ಟರು. ಇಳಿಯಲಿಲ್ಲ. ಪರೀಕ್ಷೆಯಲ್ಲಿ ಬೆನ್ನೆಲುಬಿನಲ್ಲಿ ಗಡ್ಡೆ ಕಂಡಿತು; ಆದರೆ ಅದರ ಬೇರು ಇದ್ದುದು ಶ್ವಾಸಕೋಶವನ್ನು ಸುತ್ತಿದ ತೆಳುಪೊರೆಯಲ್ಲಿ. ಮೀಸೊಥೀಲಿಯೋಮ ಎಂಬ ಕ್ಯಾನ್ಸರ್ ಅದು.

"ಹಿಂದೆ ಯಾವಾಗಲಾದರೂ ಕಲ್ನಾರಿನ ಕೆಲಸ ಮಾಡಿದ್ದಿರಾ?" ಎಂದು ವೈದ್ಯರು ಕೇಳಿದಾಗ ನಾವು ಪಕ್ಕದಲ್ಲೇ ಇದ್ದೆವು. ಅವರು ನಮ್ಮತ್ತ ತಿರುಗಿ, "ಪ್ರಸಾದನಿಲಯಕ್ಕೆ ಶೀಟು ಹೊದಿಸಿದವನು ನಾನೇ ಅಲ್ಲವೇ, ಬುದ್ಧಿ?" ಎಂದು ನಕ್ಕರು. ನಮಗೆ ಮಾತು ಹೊರಡಲಿಲ್ಲ. 1983ರಲ್ಲಿ ಅವರು ಗರಗಸದಿಂದ ಶೀಟು ಕೊಯ್ಯುತ್ತಿದ್ದಾಗ, ಆ ನಿಲಯದ ಬಾಲಕರಾಗಿದ್ದ ನಾವು ಉದುರಿದ ಪುಡಿಯನ್ನು ವಿಭೂತಿಯೆಂದು ಹಣೆಗೆ ಬಳಿದುಕೊಂಡು ಆಡಿದ್ದೆವು.

ಈ ರೋಗದ ನಡೆ ವಿಚಿತ್ರವಾದುದು. ಕಲ್ನಾರಿನ ಎಳೆ ಉಸಿರಿನೊಡನೆ ಒಳಹೊಕ್ಕ ಮೇಲೆ ರೋಗ ತಲೆದೋರಲು ಸಾಮಾನ್ಯವಾಗಿ 20ರಿಂದ 50 ವರ್ಷ ಹಿಡಿಯುತ್ತದೆ. ಅದು ಹುಟ್ಟಿದೆಡೆಯಲ್ಲೇ ಹಬ್ಬುವುದೆಂದು ವೈದ್ಯರು ಬಹುಕಾಲ ಭಾವಿಸಿದ್ದರು. ಮರಣೋತ್ತರ ಪರೀಕ್ಷೆಗಳು ಆ ಭಾವನೆಯನ್ನು ತಿದ್ದಿದವು. ಯಕೃತ್ತು, ಮೂಳೆ, ಅಪರೂಪಕ್ಕೆ ಮಿದುಳು ಹಾಗೂ ನಾಲಿಗೆಯವರೆಗೂ ಅದು ಹರಿದುಹೋದದ್ದುಂಟು. ಆಗ ನೋವು ಒಂದೆಡೆ, ಮೂಲ ಮತ್ತೊಂದೆಡೆ.

ದಕ್ಷಿಣ ಆಫ್ರಿಕದಲ್ಲಿ ವ್ಯಾಗ್ನರ್ ಮತ್ತು ಸಂಗಡಿಗರು 1960ರಲ್ಲಿ ಇಂಥ 33 ರೋಗಿಗಳ ವಿವರ ಪ್ರಕಟಿಸಿದರು. ಅವರಲ್ಲಿ ಗಣಿಯಲ್ಲಿ ದುಡಿಯದೆ, ಅದರ ಸಮೀಪದಲ್ಲಿ ಬಾಳಿದ್ದವರೂ ಇದ್ದರು. ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ, ಕಲ್ನಾರು ಕಾರ್ಮಿಕರ ಆರೋಗ್ಯದ ದಾಖಲೆಗಳನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ ಕಾಪಾಡಬೇಕೆಂದು ವಿಧಿಸಿತು. ಹಳ್ಳಿಯ ಬಡಗಿಗೆ ಯಾವ ದಾಖಲೆ? ಅವರ ದುಡಿಮೆಗೆ ಸಾಕ್ಷಿ ನಮ್ಮ ನೆನಪೊಂದೇ.

ಆ ಹಿರಿಯರು ಈಗಿಲ್ಲ. ಅವರು ಹೊದಿಸಿದ ಚಾವಣಿ ಮಾತ್ರ ಇದೆ. ಗಟ್ಟಿಯಾಗಿರುವ ಶೀಟಿಗಿಂತ ಕೊಯ್ದ, ಕೊರೆದ, ಒಡೆದ ಶೀಟಿನ ಧೂಳೇ ಹೆಚ್ಚು ಅಪಾಯಕರ. ಆದುದರಿಂದ ಮಕ್ಕಳಿಲ್ಲದ ರಜೆಯಲ್ಲಿ, ನೀರಿನಿಂದ ತೋಯಿಸಿ, ಒಡೆಯದಂತೆ, ಬಲ್ಲವರಿಂದಲೇ ಅದನ್ನು ಇಳಿಸಲು ಏರ್ಪಾಡು ಮಾಡಿದ್ದೇವೆ. ಇದು ತಡವಾದ ಕೆಲಸವೆಂಬುದನ್ನು ಒಪ್ಪಿಕೊಳ್ಳುತ್ತೇವೆ.

ನಿಮ್ಮ ಮನೆಗಳಲ್ಲಿಯೂ ಕಾರ್ಖಾನೆಯಲ್ಲಿ, ಕಟ್ಟಡಗಳಲ್ಲಿ ದುಡಿದು ದಣಿದ ಹಿರಿಯರಿರಬಹುದು. ವೈದ್ಯರ ಬಳಿ ಹೋದಾಗ ಅವರು ನೋವಿನ ಜೊತೆಗೆ ತಮ್ಮ ಹಳೆಯ ದುಡಿಮೆಯನ್ನೂ ತಿಳಿಸಲಿ. ಅವರು ಮರೆತಿದ್ದರೆ ನೀವು ಹೇಳಿರಿ. ಅವರ ಬೆವರಿನ ನೆರಳಿನಲ್ಲಿ ಬೆಳೆದವರು ಸಲ್ಲಿಸಬೇಕಾದ ಋಣವಿದು.