ಬ್ಯಾಟ್ರಿ ಕುಡೀತಿದ್ದವರು ಯಾರು?

ಕಾರು ತಗೊಂಡಾಗ ನಮ್ಮಮ್ಮನಿಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಅದರ ಹಿಂಬಾಗಿಲು. ಬಲಗಡೆ ಭುಜ ಹಿಡಿದುಕೊಂಡು ವರ್ಷ ಆಗಿತ್ತು, ಕೈ ಮೇಲೆತ್ತೋಕೆ ಆಗ್ತಿರಲಿಲ್ಲ. ಬಟನ್ ಒತ್ತಿದರೆ ಡಿಕ್ಕಿ ತಾನಾಗಿ ಏಳುತ್ತೆ, ಮತ್ತೆ ಒತ್ತಿದರೆ ತಾನಾಗಿ ಮುಚ್ಚುತ್ತೆ. ಸೆಕೆಂಡ್ ಹ್ಯಾಂಡ್ ಕಾರು, ಇನ್ನೂ ಸಾಲ ಇದೆ. ಆದರೂ ಅಮ್ಮ ಪಕ್ಕದ ಮನೆಯವರನ್ನೆಲ್ಲ ಕರೆದು ಆ ಬಾಗಿಲು ತೋರಿಸಿದ ದಿನ ನನಗೆ ಇಎಂಐ ಮರೆತೇ ಹೋಗಿತ್ತು.

ನಮ್ಮೂರು ಗುಂಡ್ಲುಪೇಟೆ ಕಡೆ, ಬಂಡೀಪುರ ಕಾಡಿನ ಅಂಚಲ್ಲಿ. ನಾನು ಕೆಲಸ ಮಾಡೋದು ಮೈಸೂರಲ್ಲಿ. ಶುಕ್ರವಾರ ರಾತ್ರಿ ಊರಿಗೆ ಬಂದರೆ ಸೋಮವಾರ ಬೆಳಿಗ್ಗೆವರೆಗೂ ಕಾರು ಮನೆ ಮುಂದಿನ ಹೊಂಗೆ ಮರದ ಕೆಳಗೇ. ಮಾರ್ಚ್‌ನಲ್ಲಿ ಒಂದು ಸೋಮವಾರ ಸ್ಟಾರ್ಟ್ ಬಟನ್ ಒತ್ತಿದೆ, ಟಕಟಕ ಅಂತು ಅಷ್ಟೆ. ಸರ್ವಿಸ್ ಸೆಂಟರ್‌ನವರು 'ಬ್ಯಾಟರಿ ಹಳೇದಾಗಿದೆ ಸರ್' ಅಂದ್ರು. ಹೊಸದು ಹಾಕಿಸಿದೆ.

ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಆಗಿದ್ದವರು. ಮೈಸೂರು–ಊಟಿ ರೂಟಲ್ಲೇ ಅರ್ಧ ಆಯಸ್ಸು ಕಳೆದವರು. ಹೊಸ ಬ್ಯಾಟರಿ ಬಿಲ್ ನೋಡಿ ಒಂದೇ ಮಾತು ಹೇಳಿದ್ರು: "ಬ್ಯಾಟ್ರಿ ತಾನಾಗಿ ಸತ್ತಿಲ್ಲ ಕನ್ಲಾ. ಯಾರೋ ಕುಡೀತಾವ್ರೆ. ಅವರನ್ನ ಹುಡುಕು."

ನಾನು ನಕ್ಕೆ. ಬಸ್ಸಿನ ಕಾಲದ ಬುದ್ಧಿ ಕಂಪ್ಯೂಟರ್ ಕಾರಿಗೆ ನಡೆಯುತ್ತಾ ಅಂದುಕೊಂಡೆ.

ಜೂನ್‌ನಲ್ಲಿ ಗೂಡಲೂರಿನ ಅತ್ತೆ ಮನೆಗೆ ಹೋಗಿದ್ವಿ. ಬರುವಾಗ ಅತ್ತೆ ಆರು ಹಲಸಿನಹಣ್ಣು ಡಿಕ್ಕಿಗೆ ತುಂಬಿಸಿದ್ರು. ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ನಮ್ಮಂಥವರ ವಾಹನ ಬಿಡಲ್ಲ. ಅದಕ್ಕೇ ಬೇಗ ಹೊರಟು ಏಳೂವರೆಗೆಲ್ಲ ಕೆಕ್ಕನಹಳ್ಳ ಚೆಕ್‌ಪೋಸ್ಟ್ ಮುಟ್ಟಿದ್ವಿ. 'ಡಿಕ್ಕಿ ತೆಗೀರಿ' ಅಂದ್ರು. ತೆಗೆದೆ. ಮುಚ್ಚೋಕೆ ಬಟನ್ ಒತ್ತಿದೆ. ಬಾಗಿಲು ಕೆಳಗೆ ಬಂತು, 'ಟಕ್' ಅಂತು, ಮತ್ತೆ ಮೇಲೆದ್ದು ನಿಂತಿತು. ಇನ್ನೊಮ್ಮೆ ಒತ್ತಿದೆ, ಮತ್ತೆ ಅದೇ. ಕೈಯಲ್ಲಿ ಅದುಮಿದರೂ ಹಿಡಿಯಲಿಲ್ಲ.

ಗಾರ್ಡ್ ಒಳಗೆ ಟಾರ್ಚ್ ಬಿಟ್ಟು ನೋಡಿ, "ಏನ್ ಸಾರ್, ಆನೆಗೆ ಊಟ ತಗೊಂಡ್ ಹೋಗ್ತಿದ್ದೀರಾ?" ಅಂದ್ರು. ಎಲ್ಲರೂ ನಕ್ಕರು, ನನಗೆ ಮಾತ್ರ ಬೆವರು. ಹಣ್ಣಾದ ಹಲಸು, ತೆರೆದ ಡಿಕ್ಕಿ, ಎದುರಿಗೆ ಎಲ್ಲೂ ನಿಲ್ಲಿಸಬಾರದ ಕಾಡಿನ ರಸ್ತೆ! ಕೊನೆಗೆ ಹಣ್ಣನ್ನೆಲ್ಲ ಹಿಂದಿನ ಸೀಟಿಗೆ ಸಾಗಿಸಿ, ಅಪ್ಪನ ಟವೆಲ್‌ನಿಂದ ಬಾಗಿಲು ಬಿಗಿದು ಕಟ್ಟಿ ಹೊರಟ್ವಿ. ಮೇಲುಕಾಮನಹಳ್ಳಿ ಗೇಟ್ ದಾಟೋವರೆಗೂ ಡ್ಯಾಶ್‌ಬೋರ್ಡ್ ಕುಂಯ್ ಕುಂಯ್ ಅಂತಾನೇ ಇತ್ತು. ಅಮ್ಮ ತೊಡೆ ಮೇಲೆ ಒಂದು ಹಣ್ಣು ಇಟ್ಟುಕೊಂಡು ಗೋಪಾಲಸ್ವಾಮಿ ಬೆಟ್ಟದ ದಿಕ್ಕಿಗೆ ಕೈ ಮುಗೀತಾ ಕೂತಿದ್ರು.

ಸರ್ವಿಸ್ ಸೆಂಟರ್‌ನಲ್ಲಿ ಲಾಕ್‌ಗೆ ಗ್ರೀಸ್ ಹಾಕಿ ರೀಸೆಟ್ ಮಾಡಿ ಕೊಟ್ಟರು. ಸರಿಹೋಯ್ತು. ಜುಲೈನಲ್ಲಿ ಮತ್ತೆ ಬ್ಯಾಟರಿ ಡೌನ್. 'ಗಾಡಿ ನಿಲ್ಲಿಸಬೇಡಿ ಸರ್, ಓಡಿಸ್ತಾ ಇರಿ' ಅಂದ್ರು. ಅಪ್ಪ ಮತ್ತೆ ಅದೇ ಹೇಳಿದ್ರು. ನಾನು 'ಹೂಂ' ಅಂದೆ, ಅಷ್ಟೆ. ಬಾಗಿಲಿಗೂ ಬ್ಯಾಟರಿಗೂ ಸಂಬಂಧ ಇರಬಹುದು ಅಂತ ನನಗೆ ಹೊಳೆಯಲೇ ಇಲ್ಲ.

ಆಗಸ್ಟ್ ಬಂತು. ಗುಂಡ್ಲುಪೇಟೆ ರಸ್ತೆಯಲ್ಲಿ ಸೂರ್ಯಕಾಂತಿ ಹೊಲದ ಮುಂದೆ ಸೆಲ್ಫಿ ತಗೊಳೋ ಜನ. ಒಂದು ಸೋಮವಾರ ಅಮ್ಮನಿಗೆ ಮೈಸೂರಲ್ಲಿ ಶುಗರ್ ಚೆಕಪ್ ಇತ್ತು. ಬೇಗ ಹೊರಡಬೇಕು ಅಂತ ಭಾನುವಾರ ಸಂಜೆಯೇ ಬ್ಯಾಗೆಲ್ಲ ಡಿಕ್ಕಿಗಿಟ್ಟೆ. ಫೈಲು, ಮಾತ್ರೆ, ಶುಗರ್ ನೋಡೋ ಮಿಷನ್ನು ಎಲ್ಲ ಅದರಲ್ಲೇ.

ರಾತ್ರಿ ಮೂರು ಗಂಟೆಗೆ ಅಪ್ಪ ನನ್ನನ್ನ ಎಬ್ಬಿಸಿದ್ರು. ಅಮ್ಮ ಬೆವರಲ್ಲಿ ತೊಯ್ದು ಹೋಗಿದ್ರು, ಕೈ ನಡುಗ್ತಿತ್ತು, ಮಾತು ತೊದಲ್ತಿತ್ತು. ಕಾರ್ ಹತ್ರ ಓಡಿದೆ. ಸ್ಟಾರ್ಟ್ ಆಗಲಿಲ್ಲ. ಡಿಕ್ಕಿ ಬಟನ್ ಒತ್ತಿದೆ, ಅದೂ ಏಳಲಿಲ್ಲ. ಅಮ್ಮನಿಗಾಗಿ ತಗೊಂಡ ಬಾಗಿಲು, ಅಮ್ಮನ ಔಷಧಿಯನ್ನ ಒಳಗಿಟ್ಟುಕೊಂಡು ಗಟ್ಟಿಯಾಗಿ ಮುಚ್ಚಿಕೊಂಡಿತ್ತು. ಹಿಂದಿನ ಸೀಟು ಮಡಚಿ, ಕತ್ತಲಲ್ಲಿ ತೆವಳಿ ಬ್ಯಾಗ್ ಎಳೆದುಕೊಂಡೆ. ಅಷ್ಟರಲ್ಲಿ ಅಪ್ಪ ಸಕ್ಕರೆ ನೀರು ಕುಡಿಸಿದ್ರು. ಅಮ್ಮನಿಗೆ ಎಚ್ಚರ ಇತ್ತು, ನುಂಗೋಕೆ ಆಗ್ತಿತ್ತು, ಅದೊಂದು ಪುಣ್ಯ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕೋ ಹಾಗಿರಲಿಲ್ಲ. ಮಿಷನ್ನಲ್ಲಿ ನೋಡಿದರೆ 52. 70ಕ್ಕಿಂತ ಕೆಳಗೆ ಇಳಿದರೇ ಕಮ್ಮಿ ಅಂತಾರೆ.

ಪಕ್ಕದ ಮನೆಯವರ ತರಕಾರಿ ಸಾಗಿಸೋ ಟಾಟಾ ಏಸ್‌ನಲ್ಲಿ ಅಮ್ಮನನ್ನ ಗುಂಡ್ಲುಪೇಟೆಗೆ ಕರ್ಕೊಂಡು ಹೋದ್ವಿ. ಬೆಳಗಾಗೋ ಹೊತ್ತಿಗೆ ಅಮ್ಮ ಸುಧಾರಿಸಿಕೊಂಡು, "ಕಾಫಿ ಸಿಗುತ್ತಾ?" ಅಂದ್ರು. ನಾನು ಆಸ್ಪತ್ರೆ ಹೊರಗೆ ಬಂದು ಒಬ್ಬನೇ ಸ್ವಲ್ಪ ಹೊತ್ತು ನಿಂತೆ. ಅಪ್ಪ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿರ್ತಿತ್ತು.

ಮಾರನೇ ದಿನ ರಜೆ ಹಾಕಿದೆ. "ಅಪ್ಪ, ಕುಡೀತಿರೋರನ್ನ ಹುಡುಕೋಣ್ವಾ?" ಅಂದೆ. ಅಪ್ಪ ಪಂಚೆ ಎತ್ತಿ ಕಟ್ಟಿ ಬಂದ್ರು.

ಮೊದಲು ಬೇರೆ ಗಾಡಿಯಿಂದ ಜಂಪ್ ಮಾಡಿದ್ವಿ. ಕೆಂಪು ವೈರ್ ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಆಮೇಲೆ ಒಳ್ಳೇ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ವೈರ್ ಒಳ್ಳೇ ಬ್ಯಾಟರಿಯ ಮೈನಸ್‌ಗೆ, ಅದರ ಕೊನೆ ತುದಿ ನಮ್ಮ ಎಂಜಿನ್ನಿನ ಬರೀ ಕಬ್ಬಿಣಕ್ಕೆ. ಎಂಜಿನ್ ಓಡುವಾಗ ಮಲ್ಟಿಮೀಟರ್‌ನಲ್ಲಿ 14.2 ವೋಲ್ಟ್ ಬಂತು. ಅಂದರೆ ಆಲ್ಟರ್ನೇಟರ್ ಸರಿಯಾಗೇ ಚಾರ್ಜ್ ಮಾಡ್ತಿದೆ. ಹಾಗಾದರೆ ತೂತು ಬೇರೆಲ್ಲೋ ಇದೆ.

ಆಮೇಲೆ ಬ್ಯಾಟರಿಗೆ ಚೆನ್ನಾಗಿ ಚಾರ್ಜ್ ಕೊಟ್ಟು, ಕಾರು ಆಫ್ ಮಾಡಿ, ಮೈನಸ್ ಕೇಬಲ್ ಬಿಚ್ಚಿ, ಬ್ಯಾಟರಿಗೂ ಕೇಬಲ್‌ಗೂ ಮಧ್ಯೆ ಮಲ್ಟಿಮೀಟರ್ ಇಟ್ವಿ, 10 ಆಂಪ್ ತೂತಲ್ಲಿ. ಹೀಗಿಟ್ಟಾಗ ಅಪ್ಪಿತಪ್ಪಿಯೂ ಸ್ಟಾರ್ಟ್ ಒತ್ತಬಾರದು, ಮೀಟರಿನ ಫ್ಯೂಸ್ ಹೋಗುತ್ತೆ. ಬಾನೆಟ್ಟಿನ ಮತ್ತು ಡ್ರೈವರ್ ಬಾಗಿಲಿನ ಲಾಕನ್ನ ಸ್ಕ್ರೂಡ್ರೈವರ್‌ನಿಂದ ಒತ್ತಿ 'ಮುಚ್ಚಿದೆ' ಅಂತ ಕಾರಿಗೆ ನಂಬಿಸಿದ್ವಿ. ಇಲ್ಲದಿದ್ದರೆ ಅದು ನಿದ್ದೆಗೆ ಹೋಗಲ್ಲ.

ಹೌದು, ಈಗಿನ ಕಾರುಗಳು ನಿದ್ದೆ ಮಾಡ್ತವೆ. ಆಫ್ ಮಾಡಿದ ತಕ್ಷಣ ಅಲ್ಲ, ಅರ್ಧ ಮುಕ್ಕಾಲು ಗಂಟೆ ಆದಮೇಲೆ ಒಳಗಿನ ಕಂಪ್ಯೂಟರುಗಳು ಒಂದೊಂದಾಗಿ ಮಲಗ್ತವೆ. ಆಗ ಎಳೆಯೋ ಕರೆಂಟು ಸಾಮಾನ್ಯವಾಗಿ 0.05 ಆಂಪ್‌ಗಿಂತ ಕಮ್ಮಿ ಇರಬೇಕು. ನಮ್ಮದು ಮುಕ್ಕಾಲು ಗಂಟೆ ಕಾದರೂ 0.62ರಲ್ಲೇ ನಿಂತಿತ್ತು. ಲೆಕ್ಕ ಹಾಕಿ ನೋಡಿ: ದಿನಕ್ಕೆ ಸುಮಾರು 15 ಆಂಪ್ ಅವರ್. ಬ್ಯಾಟರಿ ಇರೋದೇ 60. ಶುಕ್ರವಾರ ರಾತ್ರಿ ನಿಲ್ಲಿಸಿದರೆ ಸೋಮವಾರ ಬೆಳಿಗ್ಗೆಗೆ ಅರ್ಧಕ್ಕಿಂತ ಜಾಸ್ತಿ ಖಾಲಿ! ಮೈಸೂರಲ್ಲಿ ದಿನಾ ಓಡಿಸ್ತಿದ್ದರಿಂದ ಅದು ಗೊತ್ತಾಗ್ತಿರಲಿಲ್ಲ. ಹೀಗೆ ಪದೇ ಪದೇ ಪೂರ್ತಿ ಖಾಲಿಯಾದರೆ ಹೊಸ ಬ್ಯಾಟರಿಯ ತಾಕತ್ತೂ ಬೇಗ ಹೋಗುತ್ತೆ.

ಅಪ್ಪ ಒಂದೊಂದೇ ಫ್ಯೂಸ್ ಕೀಳ್ತಾ ಹೋದ್ರು, ನಾನು ಮೀಟರ್ ಓದ್ತಾ ಹೋದೆ. "0.62... 0.62... 0.61..." ಒಂದು ಫ್ಯೂಸ್ ಕಿತ್ತ ಮೇಲೆ ಸರಕ್ಕನೆ 0.03. ಪುಸ್ತಕ ತೆಗೆದು ನೋಡಿದರೆ ಅದು ಹಿಂಬಾಗಿಲಿನ ಫ್ಯೂಸು.

ಫ್ಯೂಸ್ ವಾಪಸ್ ಹಾಕಿ, ನನ್ನ ಫೋನ್‌ನಲ್ಲಿ ವಿಡಿಯೊ ಆನ್ ಮಾಡಿ ಡಿಕ್ಕಿಯೊಳಗಿಟ್ಟು ಮುಚ್ಚಿದೆ. ಆಮೇಲೆ ನೋಡಿದರೆ, ಕತ್ತಲಲ್ಲಿ ಆಗಾಗ 'ಟಿಕ್' ಅನ್ನೋ ಸದ್ದು. ಬಾಗಿಲು ಮುಚ್ಚಿದ್ದರೂ ಅದರ ಕಂಪ್ಯೂಟರ್‌ಗೆ ಮುಚ್ಚಿದೆಯೋ ಇಲ್ಲವೋ ಗೊತ್ತಾಗ್ತಿಲ್ಲ. ಅದಕ್ಕೇ ಮಲಗದೆ ಕಾಯ್ತಾ ಕೂತಿದೆ. ಕೆಕ್ಕನಹಳ್ಳದಲ್ಲಿ ಮುಚ್ಚಿದ ಬಾಗಿಲು ಮತ್ತೆ ಮತ್ತೆ ಎದ್ದಿದ್ದೂ ಇದೇ ಅನುಮಾನಕ್ಕೆ.

ಅಪ್ಪ ಬಾಗಿಲ ಮೇಲ್ತುದಿಯಲ್ಲಿ ಛಾವಣಿಗೂ ಬಾಗಿಲಿಗೂ ನಡುವೆ ಇರೋ ರಬ್ಬರ್ ಕೊಳವೆಯನ್ನ ಸರಿಸಿದ್ರು. ಒಳಗೆ ಎಂಟು ಹತ್ತು ವೈರ್. ಬಾಗಿಲು ಎದ್ದು ಇಳಿದಾಗಲೆಲ್ಲ ಅವು ಅದೇ ಜಾಗದಲ್ಲಿ ಬಾಗ್ತವೆ. ಎರಡು ವೈರಿನ ಮೈ ಸೀಳಿತ್ತು, ಒಂದರಲ್ಲಿ ತಾಮ್ರವೇ ತುಂಡಾಗಿತ್ತು. ಅದು ಲಾಕಿನ ಸ್ವಿಚ್ಚಿನ ವೈರ್. ಕೆಲವು ಸಲ ತುದಿ ತಾಗ್ತಿತ್ತು, ಕೆಲವು ಸಲ ಇಲ್ಲ. ಗ್ರೀಸ್ ಹಾಕಿದಾಗ ಸರಿಹೋಗಿದ್ದೂ ಅದಕ್ಕೇ ಇರಬೇಕು.

"ಬಸ್ಸಲ್ಲೂ ಅಷ್ಟೇ ಕನ. ಎಲ್ಲಿ ಬಗ್ಗುತ್ತೋ ಅಲ್ಲೇ ಮುರಿಯೋದು" ಅಂದ್ರು ಅಪ್ಪ.

ಗುಂಡ್ಲುಪೇಟೆಯ ಆಟೊ ಎಲೆಕ್ಟ್ರಿಷಿಯನ್ ಒಬ್ಬರು ಹಳೇ ಜಾಗಕ್ಕೆ ಸ್ವಲ್ಪ ಉದ್ದದ ಹೊಸ ತುಂಡು ಸೇರಿಸಿ, ಬೆಸುಗೆ ಹಾಕಿ, ಮೇಲೆ ಕೊಳವೆ ಬಿಗಿದು ಕೊಟ್ಟರು. ಬರೀ ಟೇಪ್ ಸುತ್ತಿದರೆ ಮತ್ತೆ ಬಿಡುತ್ತೆ ಅಂದ್ರು. ತಗೊಂಡಿದ್ದು ನಾನೂರು ರೂಪಾಯಿ. ಬ್ಯಾಟರಿ ಬಿಚ್ಚಿದ್ದರಿಂದ ಬಾಗಿಲಿಗೆ ತನ್ನ ಅಳತೆ ಮರೆತು ಹೋಗಿತ್ತು. ಕೈಯಲ್ಲಿ ಪೂರ್ತಿ ಮುಚ್ಚಿ, ಪುಸ್ತಕದಲ್ಲಿದ್ದ ಹಾಗೆ ಮತ್ತೆ ಕಲಿಸಿದೆ. ಸಂಜೆ ಮೀಟರ್ ಇಟ್ಟರೆ 0.03.

ನಿಮ್ಮ ಕಾರಿನ ಬ್ಯಾಟರಿಯೂ ನಿಲ್ಲಿಸಿದಲ್ಲೇ ಡೌನ್ ಆಗ್ತಿದ್ದರೆ, ಹೊಸದಕ್ಕೆ ದುಡ್ಡು ಕೊಡೋ ಮೊದಲು ಈ ಒಂದು ಅಳತೆ ಮಾಡಿಸಿ. ಅಮ್ಮನ ಔಷಧಿ ಬ್ಯಾಗ್ ಮಾತ್ರ ಈಗ ಡಿಕ್ಕಿಗೆ ಹೋಗಲ್ಲ. ಅದು ಮುಂದಿನ ಸೀಟಲ್ಲಿ, ಅಮ್ಮನ ಕಾಲ ಬಳಿಯೇ.

ಮುಂದಿನ ಭಾನುವಾರ ಅಮ್ಮ ಅಂಗಳಕ್ಕೆ ಬಂದು ಬಟನ್ ಒತ್ತಿದ್ರು. ಬಾಗಿಲು ಎದ್ದಿತು. ಮತ್ತೆ ಒತ್ತಿದ್ರು. ಇಳಿಯಿತು, ಟಕ್ ಅಂತು, ಸುಮ್ಮನಾಯಿತು. ಅಪ್ಪ ಜಗಲಿಯಿಂದ ಕೂಗಿದ್ರು: "ಸಾಕು ಬುಡಮ್ಮೀ, ವೈರ್ ಸವೀತದೆ!"