ಪರದೆಯ ಪಡಿಯಚ್ಚು

ಹುಕ್ಕೇರಿ ತಾಲ್ಲೂಕಿನ ಹತ್ತರಗಿಯು ಪುಣೆ–ಬೆಂಗಳೂರು ಹೆದ್ದಾರಿಯ ಮಗ್ಗುಲಿನ ಊರು. ಈ ಸೀಮೆಯ ರೈತರು ಪಹಣಿಯನ್ನು ‘ಉತಾರ’ ಎಂದು ಕರೆಯುವುದು ವಾಡಿಕೆ. ಒಂದು ಕಾಲದಲ್ಲಿ ಉತಾರದ ನಕಲು ಬೇಕಾದರೆ ತಲಾಟಿಯವರ ಬಿಡುವನ್ನು ಕಾಯಬೇಕಿತ್ತು; ಅವರು ದಪ್ಪ ವಹಿಯನ್ನು ಬಿಡಿಸಿ ಕೈಯಾರೆ ಬರೆದುಕೊಡಬೇಕಿತ್ತು. 2000ನೆಯ ಇಸವಿಯ ಆಸುಪಾಸಿನಲ್ಲಿ ಜಾರಿಗೆ ಬಂದ ‘ಭೂಮಿ’ ಯೋಜನೆಯು ರಾಜ್ಯದ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ಈಗ ಕಬ್ಬಿನ ಹೊಲದ ಬದುವಿನ ಮೇಲೆ ನಿಂತೇ ರೈತನ ಮಗನು ಫೋನಿನಲ್ಲಿ ಉತಾರವನ್ನು ತೆರೆದು, ಎರಡು ಗುಂಡಿಗಳನ್ನು ಒಮ್ಮೆಲೇ ಒತ್ತಿ, ಅದರ ಚಿತ್ರವನ್ನು ಪರವೂರಿನ ಕಾಕಾನಿಗೆ ಕಳುಹಿಸಬಲ್ಲನು. ಪರದೆಯ ಮೇಲಿರುವುದನ್ನು ಇದ್ದಂತೆಯೇ ಹಿಡಿದಿಡುವ ಈ ಪಡಿಯಚ್ಚಿಗೆ ‘ಸ್ಕ್ರೀನ್‌ಶಾಟ್’ ಎಂದು ಹೆಸರು.

ಇದು ಛಾಯಾಚಿತ್ರವಲ್ಲ, ಕ್ಯಾಮರಾಕ್ಕೆ ಇಲ್ಲಿ ಕೆಲಸವೇ ಇಲ್ಲ. ಪರದೆಯೆಂಬುದು ರಂಗೋಲಿಯಂತೆ ಚುಕ್ಕಿಗಳ ಸಾಲು. ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳಿದ್ದರೆ ಒಟ್ಟು 20,73,600 ಚುಕ್ಕಿಗಳಾದವು. ಒಂದೊಂದು ಚುಕ್ಕಿಯಲ್ಲಿಯೂ ಕೆಂಪು, ಹಸಿರು, ನೀಲಿ ಬಣ್ಣಗಳು ಎಷ್ಟೆಷ್ಟಿರಬೇಕೆಂಬುದನ್ನು ಯಂತ್ರವು ಸಾಮಾನ್ಯವಾಗಿ 0ಯಿಂದ 255ರವರೆಗಿನ ಅಂಕಿಗಳಲ್ಲಿ ನೆನಪಿಟ್ಟಿರುತ್ತದೆ. ಆಜ್ಞೆಯಾದೊಡನೆ ಆ ಅಂಕಿಗಳನ್ನು ನಕಲು ಮಾಡಿಕೊಳ್ಳುತ್ತದೆ, ಅಷ್ಟೆ. ಹಿಡಿದವನ ಕೈ ನಡುಗಿದರೂ ಚಿತ್ರವು ಮಸುಕಾಗದು.

1981ರಲ್ಲಿ ಬಂದ ಐಬಿಎಂ ಪರ್ಸನಲ್ ಕಂಪ್ಯೂಟರಿನ ಕೀಲಿಮಣೆಯಲ್ಲಿಯೇ ‘ಪ್ರಿಂಟ್ ಸ್ಕ್ರೀನ್’ ಎಂಬ ಕೀಲಿಯಿತ್ತು. ಪರದೆಯ ಅಕ್ಷರಗಳನ್ನು ಮುದ್ರಣಯಂತ್ರಕ್ಕೆ ಕಳುಹಿಸುವುದು ಅದರ ಕೆಲಸವಾಗಿತ್ತು. ವಿಂಡೋಸ್ ಬಂದ ಮೇಲೆ ಹೆಸರು ಉಳಿಯಿತು, ಕೆಲಸ ಬದಲಾಯಿತು: ಚಿತ್ರವು ಕಾಗದಕ್ಕೆ ಹೋಗದೆ ಯಂತ್ರದ ನೆನಪಿನಲ್ಲಿ ನಿಲ್ಲುವುದು, ಅದನ್ನು ‘ಪೇಂಟ್’ ತಂತ್ರಾಂಶದಲ್ಲಿ ಅಂಟಿಸಿಕೊಳ್ಳುವುದು. ಬೇಕಾದ ಭಾಗವನ್ನಷ್ಟೇ ಆಯ್ದುಕೊಳ್ಳುವ ‘ಸ್ನಿಪ್ಪಿಂಗ್ ಟೂಲ್’ 2007ರಲ್ಲಿ ವಿಂಡೋಸ್ ವಿಸ್ತಾದೊಡನೆ ಬಂದಿತು. ಆಂಡ್ರಾಯ್ಡ್ ಫೋನುಗಳಿಗೆ ಎರಡು ಗುಂಡಿಗಳ ಉಪಾಯವು 2011ರ ಆಂಡ್ರಾಯ್ಡ್ 4.0ರೊಡನೆ ಬಂದಿತು.

ಕನ್ನಡಿಗರಿಗೆ ಈ ಚಿತ್ರಗಳು ಬೇರೊಂದು ಬಗೆಯಲ್ಲಿಯೂ ಒದಗಿಬಂದವು. ಯೂನಿಕೋಡ್ ಸಂಕೇತದಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ ಅದು ಬಳಕೆಗೆ ಬರಲು ವರ್ಷಗಳೇ ಹಿಡಿದವು. ಅಲ್ಲಿಯವರೆಗೆ ಬರೆದವರ ಅಕ್ಷರವಿನ್ಯಾಸವು ಓದುವವರ ಯಂತ್ರದಲ್ಲಿ ಇಲ್ಲದಿದ್ದರೆ ಕನ್ನಡದ ಪತ್ರವು ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುತ್ತಿತ್ತು. ಚಿತ್ರವಾಗಿ ಕಳುಹಿಸಿದರೆ ಆ ತೊಂದರೆಯಿಲ್ಲ. ಆದರೆ ಇಂದಿಗೂ ಸುತ್ತೋಲೆಗಳನ್ನು ಚಿತ್ರವಾಗಿಯೇ ಹಂಚುವುದು ಒಳ್ಳೆಯ ರೂಢಿಯಲ್ಲ. ಚಿತ್ರದೊಳಗಿನ ಅಕ್ಷರವು ಯಂತ್ರದ ಪಾಲಿಗೆ ಬರಿಯ ಚುಕ್ಕಿ; ಅಂಧರಿಗಾಗಿ ಓದಿಹೇಳುವ ತಂತ್ರಾಂಶವು ಅನೇಕ ವೇಳೆ ಅದರ ಮುಂದೆ ಮೂಕವಾಗುತ್ತದೆ.

ಹಿಡಿದ ಚಿತ್ರವನ್ನು ತಿದ್ದುವುದರಲ್ಲಿ ಹೆಚ್ಚಿನ ಎಚ್ಚರ ಬೇಕು. ಅಂಚನ್ನು ಕತ್ತರಿಸುವುದು, ಬಾಣದ ಗುರುತು ಹಾಕುವುದು ಸುಲಭ, ಮರೆಮಾಡುವುದು ಕಷ್ಟ. ಖಾತೆಯ ಸಂಖ್ಯೆಯ ಮೇಲೆ ತೆಳುವಾದ ಬಣ್ಣ ಬಳಿದರೆ ಬೆಳಕನ್ನು ಹೆಚ್ಚಿಸಿ ಓದಬಹುದು. ಮಸುಕುಗೊಳಿಸಿದ ಅಂಕಿಗಳನ್ನೂ ಊಹಿಸಬಲ್ಲವರುಂಟು. ಗಟ್ಟಿಯಾದ ಕಪ್ಪು ಚೌಕವೇ ಲೇಸು. ಗೂಗಲ್ಲಿನ ಪಿಕ್ಸೆಲ್ ಫೋನುಗಳಲ್ಲಿ ಕತ್ತರಿಸಿ ತೆಗೆದೆವೆಂದುಕೊಂಡ ಭಾಗವು ಕಡತದ ಬಾಲದಲ್ಲಿಯೇ ಉಳಿದಿರುತ್ತಿತ್ತೆಂಬುದು 2023ರಲ್ಲಿ ಬಯಲಾಯಿತು. ಹೊಸ ಚಿಕ್ಕ ಚಿತ್ರವನ್ನು ಹಳೆಯ ದೊಡ್ಡ ಕಡತದ ಮೇಲೆ ಬರೆದು, ಮಿಕ್ಕುದನ್ನು ಅಳಿಸದೆ ಬಿಟ್ಟದ್ದೇ ಇದಕ್ಕೆ ಕಾರಣ. ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲಿನಲ್ಲಿಯೂ ಅದೇ ದೋಷವು ಕಂಡುಬಂದು, ಎರಡನ್ನೂ ಸರಿಪಡಿಸಲಾಯಿತು. ಆದರೆ ಅದಕ್ಕೆ ಮೊದಲೇ ಕಳುಹಿಸಿಬಿಟ್ಟ ಚಿತ್ರಗಳನ್ನು ಸರಿಪಡಿಸುವವರಾರು?

ತಿದ್ದಲು ಬರುವುದರಿಂದ ಸುಳ್ಳನ್ನು ಸೃಷ್ಟಿಸಲೂ ಬರುತ್ತದೆ. ಹಣ ಕೊಟ್ಟಂತೆ ತೋರುವ ಚಿತ್ರದಲ್ಲಿ 50ನ್ನು 500 ಮಾಡಲು ಹೆಚ್ಚು ಹೊತ್ತು ಬೇಡ. ಆದಕಾರಣ ಜಾಣ ವರ್ತಕನು ಗಿರಾಕಿಯ ಫೋನನ್ನು ನೋಡದೆ ತನ್ನ ಖಾತೆಯನ್ನೇ ನೋಡುತ್ತಾನೆ. ನ್ಯಾಯಾಲಯದ ನೋಟವೂ ಇಂಥದೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು, ವಿದ್ಯುನ್ಮಾನ ದಾಖಲೆಯ ನಕಲಿನೊಂದಿಗೆ ಅದು ಯಾವ ಸಾಧನದಿಂದ ಹೇಗೆ ದೊರೆಯಿತೆಂಬ ಪ್ರಮಾಣಪತ್ರವನ್ನೂ ಕೇಳುತ್ತದೆ. ಯಾರಾದರೂ ಬೆದರಿಕೆಯ ಸಂದೇಶ ಕಳುಹಿಸಿದರೆ ಅದರ ಚಿತ್ರವನ್ನು ದಿನಾಂಕ, ವೇಳೆ, ಕಳುಹಿಸಿದವರ ಸಂಖ್ಯೆ ಕಾಣುವಂತೆ ಹಿಡಿದಿಡಬೇಕು. ಮೂಲ ಸಂದೇಶವನ್ನು ಮಾತ್ರ ಅಳಿಸದೆ, ಆ ಫೋನಿನಲ್ಲಿಯೇ ಉಳಿಸಿಕೊಳ್ಳಬೇಕು.