ಅಮ್ಮನಿಗೂ ಎಟುಕಿದ ಕಾಡು

ಊರಿಂದ ಅಪ್ಪ-ಅಮ್ಮ ಬಂದಾಗ ಬೇ ಏರಿಯಾದ ನಾವೆಲ್ಲ ತೋರಿಸೋ ಜಾಗಗಳ ಪಟ್ಟಿ ಹೆಚ್ಚುಕಡಿಮೆ ಒಂದೇ. ಗೋಲ್ಡನ್ ಗೇಟ್ ಸೇತುವೆ, ದೇವಸ್ಥಾನ, ಮಾಲು, ರಜೆ ಸಿಕ್ಕರೆ ಯೊಸೆಮಿಟಿ. ಮಂಡಿನೋವಿರುವ ಅಮ್ಮಂದಿರ ಮಾತೂ ಒಂದೇ: "ನೀವು ಹೋಗ್ಬನ್ನಿ, ನಾನು ಕಾರಲ್ಲೇ ಕೂತಿರ್ತೀನಿ."

ನನ್ನಮ್ಮನಿಗೆ 66. ತೀರ್ಥಹಳ್ಳಿ ಕಡೆಯವಳು. ತೋಟ, ಗುಡ್ಡ, ಗದ್ದೆ ಅಂತ ದಿನವಿಡೀ ಓಡಾಡಿಕೊಂಡಿದ್ದವಳಿಗೆ ಈಗ ಸ್ವಲ್ಪ ನಡೆದರೆ ಸಾಕು, ಎಲ್ಲಾದರೂ ಕೂರಬೇಕು. ಹಾಗಾಗಿ ಈ ಸಲ ನಾವು ಹುಡುಕಿದ್ದು ಒಂದೇ ಒಂದು: ಅಮ್ಮನೂ ಒಳಗೆ ಬರಬಹುದಾದ ಕಾಡು.

ಸಿಕ್ಕಿದ್ದು ಸಾಂತಾ ಕ್ರೂಜ್ ಬೆಟ್ಟಗಳಲ್ಲಿ, ಫೆಲ್ಟನ್ ಊರಿನ ಪಕ್ಕದ ಹೆನ್ರಿ ಕಾವೆಲ್ ರೆಡ್‌ವುಡ್ಸ್ ಸ್ಟೇಟ್ ಪಾರ್ಕ್. ಹೈವೇ 17ರ ತಿರುವುಗಳಲ್ಲಿ ಅಮ್ಮನಿಗೆ ಆಗುಂಬೆ ಘಾಟಿ ನೆನಪಾಯಿತು. ಅಲ್ಲಿನ ರೆಡ್‌ವುಡ್ ಗ್ರೋವ್ ಲೂಪ್ ಸುಮಾರು 0.8 ಮೈಲಿ, ಅಂದರೆ 1.3 ಕಿಲೋಮೀಟರ್. ಪೂರ್ತಿ ಸಮತಟ್ಟು, ಗಟ್ಟಿ ಮಣ್ಣಿನ ದಾರಿ. ಮಗುವಿನ ಸ್ಟ್ರಾಲರ್, ವೀಲ್‌ಚೇರ್ ಎರಡೂ ಸಲೀಸಾಗಿ ಹೋಗುತ್ತವೆ.

ಗೆಳತಿಯ ಮನೆಯಿಂದ ಮಡಚುವ ವೀಲ್‌ಚೇರ್ ತಂದಿದ್ದೆವು. ಅಮ್ಮ ಅದನ್ನ ನೋಡಿದವಳೇ ಮುಖ ತಿರುಗಿಸಿದಳು. "ಅಳಿಯಂದಿರ ಕೈಲಿ ತಳ್ಳಿಸ್ಕೊಂಡು ಹೋಗೋದಾ? ಬೇಡ ಕಣೇ." ನಾನು ವಾದ ಮಾಡಲಿಲ್ಲ. ಅವಳು ಮೊಮ್ಮಗಳ ಸ್ಟ್ರಾಲರ್ ಹಿಡಿ ಹಿಡಿದುಕೊಂಡು ನಿಧಾನಕ್ಕೆ ಹೊರಟಳು. ಗಂಡ ಖಾಲಿ ವೀಲ್‌ಚೇರ್ ತಳ್ಳಿಕೊಂಡು ಹಿಂದೆ ಬಂದ, ಅದರ ಮೇಲೆ ನೀರಿನ ಬಾಟಲಿ, ಚಿತ್ರಾನ್ನದ ಡಬ್ಬಿ.

ಮೊದಲ ದೊಡ್ಡ ಮರದ ಹತ್ತಿರ ನಮ್ಮ ಮಾತು ತಾನಾಗೇ ಸಣ್ಣದಾಯಿತು. ಇಲ್ಲಿನ ಅತಿ ಎತ್ತರದ ಮರ ಸುಮಾರು 277 ಅಡಿ, ಬುಡದ ಅಗಲ 16 ಅಡಿ. ಅತಿ ಹಳೆಯವಕ್ಕೆ ಸುಮಾರು 1,500 ವರ್ಷ. ಅಂದರೆ ಬಾದಾಮಿಯಲ್ಲಿ ಚಾಲುಕ್ಯರು ಕೋಟೆ ಕಟ್ಟುತ್ತಿದ್ದ ಕಾಲಕ್ಕೆ ಇವು ಸಸಿಗಳು. ಇಷ್ಟು ದೊಡ್ಡ ಮರದ ಬೀಜ ಟೊಮೆಟೊ ಬೀಜದಷ್ಟು! ಬೇರೂ ಆಳಕ್ಕೆ ಇಳಿಯುವುದಿಲ್ಲ. ಹತ್ತು ಹನ್ನೆರಡು ಅಡಿಯೊಳಗೇ ಅಗಲಕ್ಕೆ ಹರಡಿ, ಪಕ್ಕದ ಮರದ ಬೇರಿನ ಜೊತೆ ಹೆಣೆದುಕೊಂಡು ನಿಲ್ಲುತ್ತದೆ. ಮಳೆ ಇಲ್ಲದ ಬೇಸಿಗೆಯಲ್ಲಿ ಸಮುದ್ರದ ಮಂಜು ಎಲೆಗಳಿಗೆ ತಾಗಿ ಹನಿಹನಿಯಾಗಿ ಬುಡಕ್ಕೆ ಬೀಳುತ್ತದೆ. ಬೇಸಿಗೆಗೆ ಆ ನೀರೇ ಆಧಾರ.

ಅಮ್ಮ ನೋಡಿದ್ದು ಮಾತ್ರ ಕೆಳಗೆ. "ಇದು ನಮ್ಮ ಪುಲ್ಲಂಪುರಚಿ ಸೊಪ್ಪಿನ ಥರ ಇದ್ಯಲ್ಲೇ!" ನಿಜ, ರೆಡ್‌ವುಡ್ ಸಾರೆಲ್ ಅನ್ನೋ ಆ ಮೂರೆಲೆಯ ಗಿಡವೂ ಆಕ್ಸಾಲಿಸ್ ಜಾತಿಯದೇ.

ಬೆಂಚಿನ ಮೇಲೆ ಕೂತಾಗ ಅವಳ ಪ್ರಶ್ನೆ: "ಇಷ್ಟು ಒಳ್ಳೆ ಮರ, ಯಾರೂ ಕಡೀಲಿಲ್ವಾ?" ಕಡಿದರು. ಕರಾವಳಿಯ ಮೂಲ ರೆಡ್‌ವುಡ್ ಕಾಡಿನಲ್ಲಿ ಉಳಿದಿರೋದು ಶೇಕಡ 5ರಷ್ಟು ಮಾತ್ರ. ಈ ತೋಪನ್ನು 1867ರಲ್ಲಿ ಜೋಸೆಫ್ ವೆಲ್ಚ್ ಎಂಬಾತ ಕೊಂಡು ಪ್ರವಾಸಿಗರಿಗೆ ತಂಗುದಾಣ ಮಾಡಿದ್ದರಿಂದ ಇದು ಬಚಾವಾಯಿತು. 1930ರಲ್ಲಿ ಕೌಂಟಿ ಕೊಂಡಿತು. 1954ರಲ್ಲಿ ಕಾವೆಲ್ ಕುಟುಂಬ ಕೊಟ್ಟ ಜಮೀನೂ ಸೇರಿ ಸ್ಟೇಟ್ ಪಾರ್ಕ್ ಆಯಿತು. ತಮಾಷೆ ಅಂದರೆ, ಪಾರ್ಕಿಗೆ ಹೆಸರು ಬಂದಿರುವ ಹೆನ್ರಿ ಕಾವೆಲ್‌ನದು ಸುಣ್ಣದ ವ್ಯಾಪಾರ. ಆ ಸುಣ್ಣದ ಗೂಡುಗಳಿಗೆ ಉರುವಲು ರೆಡ್‌ವುಡ್! ಅಮ್ಮ ಕೇಳಿ ಹೇಳಿದಳು, "ನಮ್ಮ ದೇವರ ಬನ ಭಯಕ್ಕೆ ಉಳೀತು, ಇದು ವ್ಯಾಪಾರಕ್ಕೆ ಉಳೀತು. ಹೇಗೋ ಉಳೀತಲ್ಲ."

ಮುಂದೆ ಫ್ರೀಮಾಂಟ್ ಮರ. ಬೆಂಕಿಗೆ ಒಳಗೆಲ್ಲ ಪೊಳ್ಳಾಗಿದೆ. 1846ರಲ್ಲಿ ಜಾನ್ ಫ್ರೀಮಾಂಟ್ ಇದರೊಳಗೆ ರಾತ್ರಿ ಕಳೆದಿದ್ದ ಅಂತ ಕಥೆ. ಒಳಗೆ ಕರಕಲಾಗಿದ್ದರೂ ಮರಕ್ಕೆ ಜೀವ ಇದೆ, ಯಾಕಂದರೆ ನೀರು-ಆಹಾರ ಓಡಾಡುವುದು ತೊಗಟೆಯ ಹತ್ತಿರದ ಪದರಗಳಲ್ಲಿ. ಮಗಳು ಅಪ್ಪನ ಜೊತೆ ಬಗ್ಗಿ ಒಳಗೆ ನುಗ್ಗಿದಳು. ಅಮ್ಮ ಹೊರಗೆ ನಿಂತು ಮರದ ಮೇಲೆ ಕೈಯಿಟ್ಟಳು. ಆಮೇಲೆ ಯಾರೂ ಹೇಳದೆಯೇ ವೀಲ್‌ಚೇರಿನ ಮೇಲಿದ್ದ ಡಬ್ಬಿ ಎತ್ತಿ ಸ್ಟ್ರಾಲರಿಗೆ ಹಾಕಿ, ತಾನೇ ಕೂತು, "ಪುಟ್ಟೀನ ನನ್ನ ತೊಡೆ ಮೇಲೆ ಕೂರಿಸಿ" ಅಂದಳು. ಅಳಿಯ ತಳ್ಳಿದ. ಇಬ್ಬರೂ ಏನೂ ಮಾತಾಡಲಿಲ್ಲ.

ದಾರಿಯಲ್ಲಿ ಒಂದು ಕಡೆ ಮರಗಳು ಸುತ್ತಲೂ ವೃತ್ತ ಹಾಕಿದಂತೆ ನಿಂತಿದ್ದವು, ನಡುವೆ ಖಾಲಿ. ತಾಯಿಮರ ಸತ್ತರೂ ಬುಡದ ಸುತ್ತ ಚಿಗುರೊಡೆದು ಹೀಗೆ ಬೆಳೆಯುತ್ತವೆ ಅಂತ ವಿವರಿಸಿದೆ. ಅಮ್ಮ ನಕ್ಕಳು. "ಇವಕ್ಕೇನು, ಮಕ್ಕಳು ಪಕ್ಕದಲ್ಲೇ ಇರ್ತಾವೆ."

ನಾನು ಏನೂ ಹೇಳಲಿಲ್ಲ. ಅವಳ ವಾಪಸ್ ಟಿಕೆಟ್‌ಗೆ ಆಗ ಐದು ವಾರ ಇತ್ತು.

ನೀವೂ ಹೋಗೋದಾದರೆ ವಾರಾಂತ್ಯದಲ್ಲಿ ಬೆಳಗ್ಗೆ ಬೇಗ ಹೊರಡಿ. ಪಾರ್ಕಿಂಗ್‌ಗೆ ಶುಲ್ಕ ಇದೆ. ಬೇಸಿಗೆಯಲ್ಲೂ ನೆರಳಿಗೆ ಚಳಿ, ಹಿರಿಯರಿಗೆ ಸ್ವೆಟರ್ ಇರಲಿ. 1.3 ಕಿಲೋಮೀಟರ್‌ಗೆ ನಮಗೆ ಎರಡು ಗಂಟೆ ಹಿಡಿಯಿತು, ಅಷ್ಟು ಸಮಯ ಇಟ್ಟುಕೊಳ್ಳಿ. ವೀಲ್‌ಚೇರ್ ಇದ್ದರೆ ಬೇಡ ಅಂದರೂ ಜೊತೆಗೆ ಒಯ್ಯಿರಿ, ಒತ್ತಾಯ ಮಾತ್ರ ಮಾಡಬೇಡಿ. ಕೂರೋದು ಯಾವಾಗ ಅಂತ ಅವರೇ ನಿರ್ಧರಿಸ್ತಾರೆ.